ದೋರಸಮುದ್ರದ ನೆಲ: ಹೊಯ್ಸಳ ದೇವಾಲಯಗಳ ಸುತ್ತಣ ಉದ್ಯಾನಗಳನ್ನು ಕುರಿತು ಒಂದು ವಿಮರ್ಶೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಿಬಂದವರು ಅದರ ಭಿತ್ತಿಯ ಆನೆಯ ಸಾಲನ್ನೂ ನಂದಿಮಂಟಪಗಳನ್ನೂ ಕುರಿತು ಬಹುವಾಗಿ ಮಾತನಾಡುವರು. ಆ ಗುಡಿ ನಿಂತಿರುವ ನೆಲವನ್ನು ಕುರಿತು ಮಾತನಾಡಿದವರನ್ನು ನಾನು ಕಂಡುದು ಕಡಮೆ. ಕಳೆದ ಸಾರಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ಅವರಲ್ಲೊಬ್ಬಳು, “ಈ ಹುಲ್ಲನ್ನೂ ವಿಷ್ಣುವರ್ಧನನ ಕಾಲದಲ್ಲೇ ಬೆಳೆಸಿದ್ದರೆ ಸಾರ್?” ಎಂದು ಕೇಳಿದಳು. ಜೊತೆಯವರು ನಕ್ಕರು. ನನಗೆ ಆ ಪ್ರಶ್ನೆ ನಗತಕ್ಕದ್ದಾಗಿ ತೋರಲಿಲ್ಲ. ಗುಡಿಯ ಒಂದೊಂದು ಕಲ್ಲಿನ ಕಾಲವನ್ನೂ ನಿರ್ಣಯಿಸಲು ಶ್ರಮಿಸುವ ನಾವು, ಅದರ ಅಂಗಳದ ಕಾಲವನ್ನು ಕೇಳಿದರೆ ಉತ್ತರವಿಲ್ಲದೆ ನಿಲ್ಲುತ್ತೇವೆ.

ಈ ಪ್ರಶ್ನೆಗೆ ಈಗ ಅವಸರವೂ ಕೂಡಿಕೊಂಡಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇಂತಹ ಗೌರವ ಬಂದ ಎಡೆಗೆ ಅದರ ಬೆನ್ನಹಿಂದೆಯೇ ‘ಸೌಂದರ್ಯವರ್ಧನೆ’ ಎಂಬುದೂ ಬರುವುದು ಲೋಕಾನುಭವ. ಹಾದಿ, ದೀಪ, ಹೂವಿನ ಪಾತಿ, ಕತ್ತರಿಸಿದ ಬೇಲಿಗಿಡ ಇವುಗಳ ನಕ್ಷೆಗಳು ಸಿದ್ಧವಾಗುವುದಕ್ಕೆ ಮೊದಲೇ ಇತಿಹಾಸದ ಅಭ್ಯಾಸಿಗಳು ತಮ್ಮ ಮಾತನ್ನು ಹೇಳಬೇಕಾದುದು ಕರ್ತವ್ಯ. ಆ ಪಟ್ಟಿಗೆ ಸೇರದ ಅರಸೀಕೆರೆಯ ಈಶ್ವರ ದೇವಾಲಯಕ್ಕೂ ಈ ಮಾತು ಅನ್ವಯಿಸುತ್ತದೆ.

ಹುಲ್ಲುಹಾಸಿನ ಪೂರ್ವೋತ್ತರವನ್ನು ಮೊದಲು ನೋಡೋಣ. ಸ್ಮಾರಕವೆಂದರೆ ಹಸುರಿನ ನಡುವೆ ಒಂಟಿಯಾಗಿ ನಿಂತು ನಾಲ್ಕು ಕಡೆಯಿಂದಲೂ ಕಾಣತಕ್ಕ ವಸ್ತು ಎಂಬ ಭಾವನೆ ನಮ್ಮದಲ್ಲ. ಅದು ಆಂಗ್ಲರ ಆಳ್ವಿಕೆಯೊಡನೆ ಬಂದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾರ್ಡ್ ಕರ್ಜನನ ಆಸಕ್ತಿಯಿಂದ ತಾಜಮಹಲಿನ ತೋಟವನ್ನು ಸರಿಪಡಿಸಿದಾಗ, ಅಲ್ಲಿ ದಟ್ಟವಾಗಿ ಬೆಳೆದಿದ್ದ ಮರಗಳು ಹೋಗಿ ಬಯಲು ಹುಲ್ಲುಹಾಸು ಬಂದಿತು. ಆಗ್ರಾದಲ್ಲಿ ಕೇಂದ್ರ ಕಚೇರಿಯುಳ್ಳ ಪುರಾತತ್ತ್ವ ಇಲಾಖೆಯ ತೋಟಗಾರಿಕಾ ವಿಭಾಗವು ಇದೇ ಮಾದರಿಯನ್ನು ದೇಶದ ಉದ್ದಗಲಕ್ಕೂ ಪಸರಿಸಿತು. ಮೊಗಲರ ಗೋರಿಗೂ ಹೊಯ್ಸಳರ ಗುಡಿಗೂ ಒಂದೇ ಅಂಗಳ! ಬೇಲೂರು ಮಲೆನಾಡಿನ ಅಂಚಿನ ಊರು. ಅರಸೀಕೆರೆ ತೆಂಗನ್ನು ನೆಚ್ಚಿದ ಬಯಲು ಸೀಮೆ. ಹಳೇಬೀಡು ಇವೆರಡರ ನಡುವಿನದು. ಮಳೆಯೂ ಮಣ್ಣೂ ಇಷ್ಟು ಭಿನ್ನವಾಗಿರುವ ಎಡೆಗಳಿಗೆ ಒಂದೇ ಬಗೆಯ ಹಸುರನ್ನು ಹೊದಿಸಹೊರಟರೆ, ಬೇಸಗೆಯುದ್ದಕ್ಕೂ ನೀರೆರೆದು ಅದನ್ನು ಬದುಕಿಸಿಕೊಳ್ಳಬೇಕಾಗುತ್ತದೆ.

ಇಲಾಖೆಗೆ ಅನ್ಯಾಯವಾಗಬಾರದು. ಹುಲ್ಲು ಧೂಳನ್ನು ತಡೆಯಿತು, ಒತ್ತುವರಿಯನ್ನು ತಡೆಯಿತು, ದೂರದಿಂದ ಬಂದ ಯಾತ್ರಿಕನಿಗೆ ಕುಳಿತು ಬುತ್ತಿ ಬಿಚ್ಚಲು ಎಡೆಯಾಯಿತು. ಸಿಮೆಂಟು ಹಾಸಿದ್ದರೆ ಆಗುತ್ತಿದ್ದ ಕೇಡಿಗೆ ಹೋಲಿಸಿದರೆ ಇದು ಸೌಮ್ಯವಾದುದು, ಬೇಡವೆಂದರೆ ತೆಗೆಯಬಹುದಾದುದು. ನನ್ನ ಆಕ್ಷೇಪ ಬೇರೆ. ಹುಲ್ಲುಹಾಸಿಗೆ ನೆಲವನ್ನು ಸಮತಟ್ಟು ಮಾಡಬೇಕು. ಹಾಗೆ ಮಾಡಿದಾಗ ಮೇಲಿನ ಪದರಗಳ ಸಾಕ್ಷ್ಯ ಅಳಿಯುತ್ತದೆ. ಅದಕ್ಕಿಂತ ಮಿಗಿಲಾಗಿ, ಅದು ನೋಡುವವನ ದಿಕ್ಕನ್ನೇ ಬದಲಿಸಿಬಿಡುತ್ತದೆ. ಹೊಯ್ಸಳೇಶ್ವರ ದೇವಾಲಯದ ಎರಡು ಗರ್ಭಗೃಹಗಳೂ ಪೂರ್ವಾಭಿಮುಖವಾದುವು, ನಂದಿಗಳಿರುವುದೂ ಪೂರ್ವಕ್ಕೆ, ಅವುಗಳಿಂದಾಚೆಗೆ ದೋರಸಮುದ್ರದ ಕೆರೆ. ಗುಡಿಯ ಮೋರೆಯಿರುವುದು ನೀರಿನ ಕಡೆಗೆ. ಇಂದು ನಾವು ರಸ್ತೆಯ ಕಡೆಯಿಂದ, ಎಂದರೆ ಗುಡಿಯ ಬೆನ್ನಿನ ಕಡೆಯಿಂದ, ಹಸುರನ್ನು ದಾಟಿ ಬರುತ್ತೇವೆ. ಶಿಲ್ಪಗಳನ್ನು ನೋಡಿ ದಣಿದು ಹಿಂದಿರುಗುವಾಗ ಕೆರೆಯೊಂದು ಇತ್ತೆಂಬುದೂ ಹಲವರ ನೆನಪಿನಲ್ಲಿ ಉಳಿಯುವುದಿಲ್ಲ. ಊರಿಗೆ ಹೆಸರು ಕೊಟ್ಟ ನೀರೇ ಊರಿನ ಚಿತ್ರದಿಂದ ಜಾರಿಹೋಗಿದೆ.

ಹುಲ್ಲುಹಾಸನ್ನು ಒಲ್ಲದವರಲ್ಲಿ ಕೆಲವರು ಇದಕ್ಕೆ ಒಂದು ಮದ್ದನ್ನು ಸೂಚಿಸುವುದುಂಟು. ಅಶೋಕ, ಸುರಗಿ, ಸಂಪಗೆ, ಪಾದರಿಗಳನ್ನು ನೆಟ್ಟು ‘ಹೊಯ್ಸಳ ನಂದನವನ’ವೊಂದನ್ನು ಎಬ್ಬಿಸಬೇಕೆಂಬುದು ಅವರ ಮತ. ಆಧಾರವೆಂದು ಅವರು ತೋರುವುದು ಕಾವ್ಯಗಳ ವನವರ್ಣನೆಗಳನ್ನು ಮತ್ತು ಬೇಲೂರಿನ ಮದನಿಕೆಯರ ನೆತ್ತಿಯ ಮೇಲೆ ಕಡೆದಿರುವ ಬಳ್ಳಿಚಪ್ಪರಗಳನ್ನು. ಇದು ಹುಲ್ಲುಹಾಸಿಗಿಂತ ಹೆಚ್ಚಿನ ಅಪಾಯವೆಂದು ನನ್ನ ಅಭಿಪ್ರಾಯ. ಹುಲ್ಲುಹಾಸು ತಾನು ಪ್ರಾಚೀನವೆಂದು ಹೇಳಿಕೊಳ್ಳುವುದಿಲ್ಲ. ಈ ನಂದನವನ ಹೇಳಿಕೊಳ್ಳುತ್ತದೆ. ಮಹಾಕಾವ್ಯದ ಅಷ್ಟಾದಶವರ್ಣನೆಗಳಲ್ಲಿ ಉದ್ಯಾನವೂ ಜಲಕ್ರೀಡೆಯೂ ಸೇರಿರುವುದು ಅಲಂಕಾರಶಾಸ್ತ್ರದ ವಿಧಿಯಿಂದ. ಕವಿ ತನ್ನ ಊರಿನಲ್ಲಿ ತೋಟವಿರಲಿ ಬಿಡಲಿ, ಮಾಮರವನ್ನೂ ಕೋಗಿಲೆಯನ್ನೂ ಕರೆದು ತರಲೇಬೇಕು. ಮದನಿಕೆಯ ಮೇಲಣ ಬಳ್ಳಿಯೂ ರೂವಾರಿಯ ಉಳಿಗೆ ಎಡೆಗೊಟ್ಟ ಅಲಂಕಾರವೇ ಹೊರತು ಸಸ್ಯಗಳ ಪಟ್ಟಿಯಲ್ಲ.

ಇಲ್ಲೊಂದು ಸ್ವಾರಸ್ಯದ ಸಂಗತಿಯನ್ನು ಹೇಳದೆ ಮುಂದುವರಿಯಲಾರೆ. ವಿಷ್ಣುವರ್ಧನನ ಸಮಕಾಲೀನನಾದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸುಮಾರು 1130ರಲ್ಲಿ ರಚಿತವಾದ ಗ್ರಂಥ. ಅದರ ಕ್ರೀಡಾವಿಂಶತಿಯಲ್ಲಿ ಭೂಧರಕ್ರೀಡೆ, ವನಕ್ರೀಡೆ, ತೋಯಕ್ರೀಡೆಗಳ ಜೊತೆಗೆ ಶಾದ್ವಲಕ್ರೀಡೆಯೂ ಬರುತ್ತದೆ. ಶಾದ್ವಲವೆಂದರೆ ಹಸುರು ಹುಲ್ಲಿನ ನೆಲ. ಹಾಗಾದರೆ ಹುಲ್ಲುಹಾಸೇ ನಮ್ಮ ಸಂಪ್ರದಾಯವಾಯಿತಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಸೋಮೇಶ್ವರನು ಹೇಳುತ್ತಿರುವುದು ಅರಸನ ವಿಹಾರವನ್ನು, ದೇವಾಲಯದ ಅಂಗಳವನ್ನಲ್ಲ. ಒಂದು ಗ್ರಂಥದ ಮಾತನ್ನು ಅದಕ್ಕೆ ಸಂಬಂಧವಿಲ್ಲದ ನೆಲಕ್ಕೆ ಒಯ್ದು ಅಂಟಿಸಿದರೆ ಯಾವ ತೋಟವನ್ನಾದರೂ ಸಮರ್ಥಿಸಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ನಂಬತಕ್ಕ ಸಾಕ್ಷ್ಯವೆಲ್ಲಿದೆ? ನಮ್ಮ ಶಾಸನಗಳಲ್ಲಿಯೇ ಇದೆ. ಆದರೆ ನಾವು ಓದದೆ ಬಿಡುವ ಭಾಗದಲ್ಲಿದೆ. ಹೊಯ್ಸಳ ಶಾಸನವೊಂದನ್ನು ಕೈಗೆತ್ತಿಕೊಂಡರೆ ಮಂಗಳಶ್ಲೋಕ, ವಂಶಾವಳಿ, ಬಿರುದುಗಳು, ನಾಡಿನ ವರ್ಣನೆ ಇವಾದ ಮೇಲೆ ದತ್ತಿಯ ವಿವರವೂ ಸೀಮೆಯ ವಿವರವೂ ಬರುತ್ತವೆ. ಅರಸನ ಹೆಸರು, ತೇದಿ ಸಿಕ್ಕಿದೊಡನೆ ನಾವು ಪುಸ್ತಕವನ್ನು ಮುಚ್ಚುತ್ತೇವೆ. ನಾನೂ ಹಾಗೆ ಓದಿಯೇ ಎಂ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವನು. ಇಂತಹ ಕೆರೆಯ ಕೆಳಗೆ ಇಷ್ಟು ಸಲಗೆ ಗದ್ದೆ, ಇಷ್ಟು ಕಂಬ ಬೆದ್ದಲೆ, ಇಂತಹ ತೂಬಿನ ಬಳಿ ಪೂದೋಂಟ, ಅದರ ಮೂಡಲ ಎಲ್ಲೆ ಇಂತಹುದು ಎಂಬ ಬಗೆಯ ಒಣ ಲೆಕ್ಕವಿದೆಯಷ್ಟೆ, ಅದರಲ್ಲಿ ಕವಿಸಮಯಕ್ಕೆ ಎಡೆಯಿಲ್ಲ. ಅಳತೆ ತಪ್ಪಿದರೆ ವ್ಯಾಜ್ಯ ಬರುತ್ತದೆ. ಆದುದರಿಂದ ಅಲ್ಲಿ ಉತ್ಪ್ರೇಕ್ಷೆ ಕಡಮೆ. ನಾಡಿನ ವರ್ಣನೆಯಲ್ಲಿ ಬರುವ ‘ನಂದನವನ’ವೂ ದತ್ತಿಯ ಭಾಗದಲ್ಲಿ ಬರುವ ‘ಪೂದೋಂಟ’ವೂ ಒಂದೇ ಬೆಲೆಯ ಪದಗಳಲ್ಲ.

ಪೂದೋಂಟವೆಂದರೆ ಏನು? ದೇವರ ಮಾಲೆಗೆ ಹೂ ಬೆಳೆಯುವ ನೆಲ. ಅದಕ್ಕೆ ನೀರು ಬೇಕು, ಕಾಯುವವನು ಬೇಕು, ಕಟ್ಟುವ ಮಾಲೆಗಾರ ಬೇಕು. ಇವರ ಜೀವಿತಕ್ಕೆ ಭೂಮಿ ಬೇಕು. ಆದುದರಿಂದ ಅದು ಗುಡಿಯ ಬಾಗಿಲಲ್ಲೇ ಇರಬೇಕಾಗಿಲ್ಲ. ನೀರಿದ್ದ ಕಡೆ ಇರುತ್ತದೆ. ದೋರಸಮುದ್ರದ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದು ಸಂಪ್ರದಾಯವು ಹೇಳುವ ಹರಿಹರನು ಹಂಪೆಗೆ ಹೋಗಿ ವಿರೂಪಾಕ್ಷನಿಗಾಗಿ ಹೂವೆತ್ತುವುದನ್ನೇ ವಸ್ತುವಾಗಿಸಿ ‘ಪುಷ್ಪರಗಳೆ’ಯನ್ನು ಬರೆದನು. ಭಕ್ತಿಯ ಆವೇಶವೇನೇ ಇರಲಿ, ಅಲ್ಲಿ ತೋಟವು ಬೆಳಗಿನ ಕೆಲಸದ ತಾಣ, ಅಡ್ಡಾಡುವ ತಾಣವಲ್ಲ. ಹುಲ್ಲುಹಾಸಿನವರೂ ನಂದನವನದವರೂ ಸಮಾನವಾಗಿ ಮರೆತಿರುವುದು ಈ ಮಾತನ್ನು.

ಸಂಶೋಧನೆಯಿಂದ ತೋಟವೊಂದನ್ನು ಮರಳಿ ಪಡೆಯಲು ಸಾಧ್ಯವೆ ಎಂದು ಶಂಕಿಸುವವರು ಪಾಂಪೆಯ ಕೆಲಸವನ್ನು ನೋಡಬೇಕು. 1961ರಿಂದ ಅಮೆರಿಕದ ವಿದುಷಿ ವಿಲ್ಹೆಲ್ಮಿನಾ ಜಾಷೆಮ್ಸ್ಕಿ ಅವರು ಅಲ್ಲಿನ ತೋಟಗಳ ನೆಲವನ್ನು ಬಗೆಸಿ, ಕೊಳೆತುಹೋದ ಬೇರುಗಳು ಮಣ್ಣಿನಲ್ಲಿ ಬಿಟ್ಟಿದ್ದ ಪೊಳ್ಳುಗಳಿಗೆ ಅಚ್ಚೆರೆದು, ಯಾವ ಎಡೆಯಲ್ಲಿ ಎಂತಹ ಗಿಡವಿತ್ತೆಂಬುದನ್ನು ಗುರುತಿಸಿದರು. ಜ್ವಾಲಾಮುಖಿಯ ಬೂದಿ ನಮ್ಮಲ್ಲಿಲ್ಲ, ನಿಜ. ಆದರೆ ಕೆರೆಯ ಹೂಳಿನಲ್ಲಿ ಪರಾಗ ಉಳಿಯುವುದು ಸಾಧ್ಯ. ದೆಹಲಿಯ ಹುಮಾಯೂನನ ಗೋರಿಯ ತೋಟವನ್ನು 1997ರಿಂದ 2003ರವರೆಗೆ ಜೀರ್ಣೋದ್ಧಾರ ಮಾಡಿ ಕಾಲುವೆಗಳಲ್ಲಿ ಮತ್ತೆ ನೀರು ಹರಿಯುವಂತೆ ಮಾಡಿದುದೂ ಶ್ಲಾಘ್ಯವೇ. ಆದರೆ ಅಲ್ಲಿ ಕಲ್ಲಿನ ಕಾಲುವೆಗಳಿಂದ ಭಾಗವಾದ ಚಾರ್‌ಬಾಗಿನ ವಿನ್ಯಾಸ ಕಣ್ಣಮುಂದಿತ್ತು, ಹಳೇಬೀಡಿನಲ್ಲಿ ಅಂತಹುದಿಲ್ಲ. ಐತಿಹಾಸಿಕ ಉದ್ಯಾನಗಳನ್ನು ಕುರಿತ 1981ರ ಫ್ಲಾರೆನ್ಸ್ ಸನ್ನದು ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ: ತೋಟವು ಸಂಪೂರ್ಣವಾಗಿ ಅಳಿದಿದ್ದರೆ, ಅಥವಾ ಇರುವ ಆಧಾರ ಬರಿಯ ಊಹೆಯಾಗಿದ್ದರೆ, ಹೊಸದಾಗಿ ಕಟ್ಟಿದುದನ್ನು ಐತಿಹಾಸಿಕ ಉದ್ಯಾನವೆಂದು ಕರೆಯಲಾಗದು.

ಅಂದಮೇಲೆ ಸಸಿ ನೆಡುವುದಕ್ಕೆ ಮೊದಲು ಕುಳಿತು ಮಾಡಬೇಕಾದ ಕೆಲಸ ಬಹಳವಿದೆ. ರೈಸ್ ಸಾಹೇಬರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿ ಬರುವ ಕೆರೆ, ತೂಬು, ಕಾಲುವೆ, ತೋಟಗಳ ಉಲ್ಲೇಖಗಳನ್ನೆಲ್ಲ ಎಲ್ಲೆಗಳ ಸಮೇತ ಆರಿಸಿ ಗ್ರಾಮನಕ್ಷೆಯ ಮೇಲೆ ಗುರುತಿಸಬೇಕು. ಹೊಲಗದ್ದೆಗಳಿಗೆ ರೈತರು ಇಂದಿಗೂ ಹೇಳುವ ಹೆಸರುಗಳನ್ನು ಅದರೊಡನೆ ಹೋಲಿಸಬೇಕು. ರಿಚರ್ಡ್ ಬ್ಯಾನರ್ ಓಕ್ಲಿ ಎಂಬಾತನು 1859ರಲ್ಲಿ ಹಳೇಬೀಡಿನ ಗುಡಿಯ 56 ಛಾಯಾಚಿತ್ರಗಳ ಸಂಪುಟವೊಂದನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಶಿಲ್ಪಕ್ಕಾಗಿ ತೆಗೆದ ಆ ಚಿತ್ರಗಳ ಅಂಚುಗಳಲ್ಲಿ ನೆಲ ಕಾಣುವಷ್ಟನ್ನು ನಾವು ಭೂತಗನ್ನಡಿ ಹಿಡಿದು ನೋಡಬೇಕು.

ಈ ಕೆಲಸ ಮುಗಿದ ಬಳಿಕ ವಿನ್ಯಾಸಕಾರನಿಗೆ ಉಳಿಯುವುದು ಬಹುಶಃ ಅಲ್ಪವೇ. ಬೇಲೂರಿನಲ್ಲಿ ಪ್ರಾಕಾರದ ಒಳಗೆ ಕಲ್ಲುಹಾಸಿದೆ, ಮೂಲೆಯಲ್ಲಿ ವಾಸುದೇವತೀರ್ಥವಿದೆ. ಅಲ್ಲಿ ಹಸುರನ್ನು ತುರುಕುವ ಅಗತ್ಯವೇ ಇಲ್ಲ. ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತಿರುವುದರಿಂದ ನಿತ್ಯವೂ ಹೂ ಬೇಕು. ಊರಿನ ಹೊರಗೆ, ನೀರಿರುವ ಕಡೆ, ದೇವರಿಗೆ ಹೂ ಒದಗಿಸುವ ತೋಟವೊಂದನ್ನು ಬೆಳೆಸಿದರೆ ಶಾಸನಗಳ ಪೂದೋಂಟಕ್ಕೆ ಹೆಚ್ಚು ಹತ್ತಿರವಾದುದು ಅದೇ. ಅರಸೀಕೆರೆಯ 1220ರ ಗುಡಿಯ ನಕ್ಷತ್ರಾಕಾರದ ಮುಖಮಂಟಪವನ್ನು ಮೆಚ್ಚದವರಿಲ್ಲ. ಊರಿಗೆ ಹೆಸರಾದ ಅರಸಿಯ ಕೆರೆಯನ್ನು ಅದೇ ಯಾತ್ರೆಯಲ್ಲಿ ತೋರಿಸುವವರೂ ಬೇಕಾಗಿದೆ. ಹಳೇಬೀಡಿನಲ್ಲಿ ಮಾಡತಕ್ಕುದು ಪೂರ್ವದ ದಿಕ್ಕನ್ನು ತೆರೆದು, ಕೆರೆಯಿಂದ ನಂದಿಮಂಟಪದವರೆಗೆ ಜನ ನಡೆದು ಬರುವಂತೆ ಮಾಡುವುದು. ಹುಲಿಕೆರೆಯ ಮೆಟ್ಟಿಲುಗೊಳವನ್ನೂ ಬಸ್ತಿಹಳ್ಳಿಯ ಬಸದಿಗಳನ್ನೂ ಕೇದಾರೇಶ್ವರವನ್ನೂ ಆ ಕೆರೆಯೊಡನೆ ಒಂದೇ ನಕ್ಷೆಯಲ್ಲಿಟ್ಟು ನೋಡಿದಾಗ ರಾಜಧಾನಿಯ ರೂಪ ಹೊಳೆಯುತ್ತದೆ. ಒಂದೊಂದರ ಸುತ್ತಲೂ ಬೇರೆ ಬೇರೆ ಬೇಲಿ ಹಾಕಿ ಹುಲ್ಲು ಬೆಳೆಸಿದಾಗ ಅದು ಹೊಳೆಯುವುದಿಲ್ಲ.

ಹುಲ್ಲನ್ನು ಕುರಿತು ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿಯೂ ಅವಳ ಮೂವರು ಸಹಪಾಠಿಗಳೂ ಈ ವರ್ಷ ಬೇಲೂರು ತಾಲ್ಲೂಕಿನ ಶಾಸನಗಳ ದತ್ತಿಭಾಗಗಳನ್ನು ಚೀಟಿಗಳ ಮೇಲೆ ಬರೆದಿಡಲು ತೊಡಗಿದ್ದಾರೆ. ಊರೂರಿನ ಚೀಟಿಗಳನ್ನು ಬೇರೆ ಬೇರೆ ಕಟ್ಟಾಗಿ ಇಡುತ್ತಿದ್ದೇವೆ. ದೋರಸಮುದ್ರದ ಕಟ್ಟು ಈಗಾಗಲೇ ಎಲ್ಲಕ್ಕಿಂತ ದಪ್ಪನಾಗಿದೆ.