‘ಚಂದ್ರಗಿರಿಯ ತೀರದಲ್ಲಿ’: ವಿಧಿ ಮತ್ತು ವ್ಯಾಖ್ಯಾನದ ಅಧಿಕಾರ

ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕರೂಪವನ್ನು ಪಡೆಯಿತು. ಇದನ್ನು ಮತಾಚಾರದ ವಿರುದ್ಧ ಹುಟ್ಟಿದ ಪ್ರತಿಭಟನೆಯ ಕೃತಿಯೆಂದು ಕರೆಯುವುದು ರೂಢಿ. ಈ ನಿರ್ಣಯವು ಅಸತ್ಯವಲ್ಲವಾದರೂ ಅಪೂರ್ಣವಾದುದು. ನಾದಿರಾಳ ದುರಂತದ ಬೀಜವು ಮತದ ವಿಧಿಯಲ್ಲಿರುವುದಕ್ಕಿಂತ ಹೆಚ್ಚಾಗಿ, ಆ ವಿಧಿಯನ್ನು ವ್ಯಾಖ್ಯಾನಿಸುವ ಅಧಿಕಾರವು ಯಾರ ಕೈಯಲ್ಲಿದೆಯೆಂಬುದರಲ್ಲಿ ಅಡಗಿದೆ.

ಅವಳ ದಾಂಪತ್ಯವನ್ನು ಮುರಿಯುವುದು ತಂದೆ ಮಹಮದ್ ಖಾನನ ಹಟವೇ ಹೊರತು ಗಂಡ ರಶೀದನ ವೈರಸ್ಯವಲ್ಲ. ಅಗಲಿದವರು ಮತ್ತೆ ಕೂಡಬಯಸಿದಾಗ, ಆಕೆ ಇನ್ನೊಬ್ಬನನ್ನು ಮದುವೆಯಾಗಿ ಅವನೊಡನೆ ಒಂದು ರಾತ್ರಿ ಕಳೆಯಬೇಕೆಂಬ ನಿಯಮವು ಅಡ್ಡವಾಗುತ್ತದೆ. ನಾದಿರಾ ಪ್ರಾಣಬಿಡುವುದು ಕೃತಿಗೆ ಹೆಸರು ಕೊಟ್ಟ ನದಿಯಲ್ಲಲ್ಲ, ಮಸೀದಿಯ ಕೆರೆಯಲ್ಲಿ. ಈ ಆಯ್ಕೆಯು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಆಕೆ ಮತವನ್ನು ನಿರಾಕರಿಸಿ ಹೊರನಡೆದವಳಲ್ಲ. ಅದರ ಅಂಗಳದಲ್ಲಿಯೇ ಆಶ್ರಯ ಕಾಣದೆಹೋದವಳು.

ಹಾಗಾದರೆ ಮತನಿರಪೇಕ್ಷವಾದ ರಾಜ್ಯವು ಇಂಥವಳನ್ನು ಉಳಿಸಬಲ್ಲುದೆ? ನಾದಿರಾ ಸಾಯುವುದು ಅಂಥ ರಾಜ್ಯದಲ್ಲಿಯೇ ಎಂಬುದನ್ನು ಮರೆಯಲಾಗದು. ಇಲ್ಲಿ ಬಾಂಗ್ಲಾದೇಶದ ನಿದರ್ಶನವು ಬೋಧಪ್ರದವಾಗಿದೆ. ಅದು ಪಾಕಿಸ್ತಾನದ ಭಾಗವಾಗಿದ್ದಾಗ, 1961ರಲ್ಲಿ ಬಂದ ಮುಸ್ಲಿಂ ಕುಟುಂಬ ಕಾನೂನು, ಮೂರನೆಯ ಬಾರಿಯ ವಿಚ್ಛೇದನವಲ್ಲದಿದ್ದರೆ ನಡುವಣ ಮದುವೆಯಿಲ್ಲದೆಯೇ ಹಳೆಯ ಗಂಡನನ್ನು ವರಿಸಬಹುದೆಂದು ವಿಧಿಸಿತು. ಮುಂದೆ ಸ್ವತಂತ್ರ ಬಾಂಗ್ಲಾದೇಶವು 1972ರ ಸಂವಿಧಾನದಲ್ಲಿ ಮತನಿರಪೇಕ್ಷತೆಯನ್ನು ಮೂಲತತ್ತ್ವವಾಗಿಸಿತು. 1977ರಲ್ಲಿ ಅದನ್ನು ತೆಗೆಯಲಾಯಿತು. 1988ರಲ್ಲಿ ಇಸ್ಲಾಂ ರಾಷ್ಟ್ರಧರ್ಮವಾಯಿತು. ಪುನರುತ್ಥಾನದ ಈ ಏರಿಳಿತಗಳ ನಡುವೆಯೂ 1961ರ ಕಾನೂನು ಉಳಿಯಿತು. ಆದರೂ ನವಗಾಂವ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಬ್ಬ ಹೆಣ್ಣುಮಗಳನ್ನು, ಫತ್ವಾದ ಹೆಸರಿನಲ್ಲಿ, ಅದೇ ನಡುವಣ ಮದುವೆಗೆ ದೂಡಲಾಯಿತು. ಪತ್ರಿಕಾವರದಿಯನ್ನು ಕಂಡ ಢಾಕಾ ಹೈಕೋರ್ಟು ತಾನಾಗಿಯೇ ವಿಚಾರಣೆ ಕೈಗೊಂಡು, 2001ರ ಜನವರಿ 1ರಂದು ಇಂಥ ಫತ್ವಾಗಳನ್ನು ಕಾನೂನುಬಾಹಿರವೆಂದಿತು. 2011ರಲ್ಲಿ ಮೇಲ್ಮನವಿ ಪೀಠವು ಫತ್ವಾ ನೀಡಬಹುದು, ಆದರೆ ಬಲವಂತವಾಗಲಿ ಶಿಕ್ಷೆಯಾಗಲಿ ಕೂಡದೆಂದು ತಿದ್ದಿತು.

ನಮ್ಮಲ್ಲಿ 2017ರ ಸುಪ್ರೀಂ ಕೋರ್ಟಿನ ತೀರ್ಪು ಮತ್ತು 2019ರ ಕಾಯಿದೆ ಒಮ್ಮೆಗೇ ಹೇಳುವ ತಲಾಖನ್ನು ನಿಷೇಧಿಸಿದವು; ನಡುವಣ ಮದುವೆಯನ್ನು ಆ ಕಾಯಿದೆ ಮುಟ್ಟಲಿಲ್ಲ.

ಕೃತಿಯ ದೋಷವೊಂದನ್ನು ಹೇಳಲೇಬೇಕು. ಮಹಮದ್ ಖಾನನ ಕ್ರೌರ್ಯವು ಅತಿಯಾಗಿ ಎದ್ದುಕಾಣುವುದರಿಂದ, ಓದುಗನು ತಪ್ಪನ್ನೆಲ್ಲ ಅವನೊಬ್ಬನ ಮೇಲೆ ಹೊರಿಸಿ ಹಗುರಾಗಬಹುದು. ಇದನ್ನು ಸರಿದೂಗಿಸುವುದು ನಾದಿರಾಳ ತಾಯಿಯ ಪಾತ್ರ. ಎಳೆವಯಸ್ಸಿನಲ್ಲಿಯೇ ಮದುವೆಯಾಗಿ ಗಂಡನ ಮಾತಿಗೆ ತಲೆಬಾಗಿಯೇ ಬಾಳಿದ ಆಕೆಗೆ ಅನ್ಯಾಯವು ಕಾಣದೆ ಇಲ್ಲ. ಅದನ್ನು ಯಾರ ಮುಂದೆ ಹೇಳಬೇಕೆಂಬುದು ಮಾತ್ರ ತಿಳಿಯದು.