ಬಾಗಿಲ ಹೊರಗೆ ನಿಂತ ಅಣ್ಣ

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಏಸು ಹೇಳುವ ದುಂದುಗಾರ ಮಗನ ಕಥೆಯನ್ನು ನಾವು ಕ್ಷಮೆಯ ಕಥೆಯೆಂದೇ ಓದುತ್ತೇವೆ. ಆದರೆ ದೇವರು ತಾನು ಪ್ರೀತಿಸುವವರನ್ನೇ ತಿದ್ದಿ ಶಿಕ್ಷಿಸುತ್ತಾನೆಂದು ಅದೇ ಬೈಬಲಿನ ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ ಹೇಳುತ್ತದೆ. ಹಾಗಾದರೆ ಈ ಕಥೆಯ ತಂದೆ ಯಾರನ್ನೂ ತಿದ್ದುವುದಿಲ್ಲವೆ?

ಕಿರಿಯ ಮಗ ತಂದೆ ಬದುಕಿರುವಾಗಲೇ ಪಾಲು ಕೇಳಿ, ದೂರದೇಶಕ್ಕೆ ಹೋಗಿ ಎಲ್ಲವನ್ನೂ ಹಾಳುಮಾಡುತ್ತಾನೆ. ಬರ ಬರುತ್ತದೆ. ಹಂದಿಯನ್ನು ಅಶುದ್ಧವೆಂದು ಕಾಣುವ ಯೆಹೂದಿ ಮನೆತನದ ಹುಡುಗ ಹಂದಿ ಮೇಯಿಸುತ್ತಾನೆ. ಅವನಿಗೆ ಹಸಿವೇ ಮೇಷ್ಟ್ರು. ಅಪ್ಪನ ಮುಂದೆ ಆಡಬೇಕಾದ ಮಾತುಗಳನ್ನು ಅಲ್ಲೇ ಕೂತು ಸಿದ್ಧಮಾಡಿಕೊಳ್ಳುತ್ತಾನೆ. ತಪ್ಪೊಪ್ಪಿಗೆ ಮೊದಲು, ಕೂಲಿಯಾಳಾಗಿ ಇಟ್ಟುಕೊಳ್ಳೆಂಬ ಬೇಡಿಕೆ ಕೊನೆಗೆ. ಆದರೆ ಓಡಿಬಂದು ಅಪ್ಪಿಕೊಂಡ ತಂದೆ ತಪ್ಪೊಪ್ಪಿಗೆಯನ್ನಷ್ಟೇ ಕೇಳಿಸಿಕೊಳ್ಳುತ್ತಾನೆ. ಕೂಲಿಯ ಮಾತು ಬಾಯಿಗೆ ಬರುವ ಮೊದಲೇ ನಿಲುವಂಗಿ, ಉಂಗುರ, ಚಪ್ಪಲಿ ತರಲು ಆಳುಗಳಿಗೆ ಹೇಳಿಯಾಗಿರುತ್ತದೆ. ಹೇಳದೆ ಉಳಿದ ಆ ಒಂದು ವಾಕ್ಯದಲ್ಲಿಯೇ ಕ್ಷಮೆಯ ಅರ್ಥವಿದೆ. ದುಡಿದು ಸಾಲ ತೀರಿಸುವ ದಾರಿಯನ್ನು ತಂದೆ ಮುಚ್ಚಿಬಿಟ್ಟಿದ್ದಾನೆ. ಇನ್ನು ಅವನು ಮಗನಾಗಿಯೇ ಬದುಕಬೇಕು.

ನಿಜವಾದ ತಿದ್ದುಪಡಿ ನಡೆಯುವುದು ಹಿರಿಯ ಮಗನ ಪಾಲಿಗೆ. ಹೊಲದಿಂದ ಬಂದವನು ಹಾಡು, ಕುಣಿತ ಕೇಳಿ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅವನ ದೂರು ಸುಳ್ಳಲ್ಲ. ಇಷ್ಟು ವರ್ಷ ದುಡಿದವನಿಗೆ ಒಂದು ಆಡಿನ ಮರಿಯೂ ಸಿಕ್ಕಿಲ್ಲ. ಆಸ್ತಿ ಆಗಲೇ ಭಾಗವಾಗಿರುವುದರಿಂದ ಇಂದಿನ ಔತಣದ ಕೊಬ್ಬಿದ ಕರುವೂ ಮುಂದೆ ಅವನಿಗೇ ಸೇರಬೇಕಾದದ್ದು. ಒಬ್ಬರ ಕ್ಷಮೆಗೆ ಮತ್ತೊಬ್ಬರು ಬೆಲೆ ತೆರಬೇಕಾಗುತ್ತದೆ ಎಂಬ ಸತ್ಯವನ್ನು ಕಥೆ ಮುಚ್ಚಿಡುವುದಿಲ್ಲ. ಆದರೆ ಆ ಸಿಟ್ಟಿನಲ್ಲಿ ಅವನು ತಮ್ಮನೆನ್ನದೆ 'ನಿನ್ನ ಮಗ' ಎನ್ನುತ್ತಾನೆ. ಹೊರಗೆ ಬಂದು ಬೇಡಿಕೊಳ್ಳುವ ತಂದೆ ಗದರಿಸುವುದಿಲ್ಲ. ಅದನ್ನು 'ನಿನ್ನ ತಮ್ಮ' ಎಂದು ತಿರುಗಿಸಿ ಹೇಳುತ್ತಾನೆ. ಇಡೀ ಶಿಕ್ಷಣ ಆ ಒಂದು ಪದದಲ್ಲಿದೆ.

ಪಾಪಿಗಳ ಜೊತೆ ಏಸು ಊಟಕ್ಕೆ ಕೂರುತ್ತಾನೆಂದು ಗೊಣಗಿದ ಧರ್ಮನಿಷ್ಠರಿಗೆ ಹೇಳಿದ ಕಥೆ ಇದು. ಅಣ್ಣ ಒಳಗೆ ಹೋದನೆ? ಕಥೆ ಹೇಳುವುದಿಲ್ಲ.

ಡಚ್ ಚಿತ್ರಕಾರ ರೆಂಬ್ರಾಂಟ್ ತನ್ನ ಕೊನೆಯ ವರ್ಷಗಳಲ್ಲಿ ಬಿಡಿಸಿದ, ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ, ಬಲಗಡೆ ನೆಟ್ಟಗೆ ನಿಂತವನನ್ನು ಹಿರಿಯ ಮಗನೆಂದು ಗುರುತಿಸುವುದು ವಾಡಿಕೆ. ಸುವಾರ್ತೆಯಲ್ಲಿ ಅವನು ಆ ಅಪ್ಪುಗೆಯನ್ನು ಕಾಣುವುದೇ ಇಲ್ಲ. ಕಲಾವಿದ ಅವನನ್ನು ಅಲ್ಲಿಗೆ ಕರೆತಂದರೂ ಕೈಕಟ್ಟಿ ನಿಲ್ಲಿಸಿದ್ದಾನೆ, ನಡುವಿನ ದೂರವನ್ನು ಹಾಗೆಯೇ ಉಳಿಸಿದ್ದಾನೆ.

ದಾರಿ ತಪ್ಪಿದವನಿಗಿಂತ ತಪ್ಪದವನಿಗೆ ಮನೆಯ ಹೊಸ್ತಿಲು ಹೆಚ್ಚು ಎತ್ತರ. ನಮ್ಮಲ್ಲಿ ಹೆಚ್ಚಿನವರು ನಿಂತಿರುವುದು ಅಲ್ಲೇ.