ಕಾರ್ನರ್ ಮರೆತ ವಾದ

ಬೆಂಗಳೂರು ಬುಲ್ಸ್ ಅಭಿಮಾನಿಗೆ ಆಟ ಒಳಗಿನಿಂದ ಗೊತ್ತು ಎಂಬ ಹೆಸರು ನಮ್ಮ ಗ್ರಾಮಾಂತರ ಜಿಲ್ಲೆಯಲ್ಲಿ ಗಟ್ಟಿಯಾಗಿ ನಿಂತುಬಿಟ್ಟಿದೆ. ಕ್ರಿಕೆಟ್ಟಿನವರು ಟಿ.ವಿ. ನೋಡಿ ಕಲಿತವರು, ಕಬಡ್ಡಿಯವರು ಮಂಡಿ ತರಚಿಕೊಂಡು ಕಲಿತವರು ಎನ್ನುವುದು ಅದಕ್ಕೆ ಕೊಡುವ ಕಾರಣ. ಕಾರಣದಲ್ಲಿ ಹುರುಳಿದೆ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ದೇವನಹಳ್ಳಿ ಕಡೆಯ ಊರುಗಳಲ್ಲಿ ಜಾತ್ರೆಗೋ ರಾಜ್ಯೋತ್ಸವಕ್ಕೋ ಹೊನಲು ಬೆಳಕಿನ ಪಂದ್ಯಾವಳಿ ನಡೆದಾಗ ಒಮ್ಮೆಯಾದರೂ ಅಂಕಣಕ್ಕೆ ಇಳಿಯದೆ ಬೆಳೆದ ಹುಡುಗರು ಕಡಿಮೆ. ಆದರೆ ಪ್ರೊ ಕಬಡ್ಡಿ ಹರಾಜು ಹತ್ತಿರ ಬಂದಾಗ ಇವರು ನಡೆಸುವ ಚರ್ಚೆ ಇದೆಯಲ್ಲ, ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾವ ಹೊಸ ಹುಡುಗನ ಮೇಲೆ ದುಡ್ಡು ಹಾಕಬೇಕು ಎಂಬ ವಾದ, ಅದನ್ನು ಆ ತಿಳಿವಳಿಕೆಯ ಸಾಕ್ಷಿಯೆಂದು ಹೊಗಳುವುದನ್ನು ನಾನು ಒಪ್ಪುವುದಿಲ್ಲ. ತಂಡ ನೆಲಕಚ್ಚಿ ಮತ್ತೆ ಕಟ್ಟಿಕೊಂಡ 2024 ಮತ್ತು 2025ರ ಸೀಸನ್‌ಗಳಲ್ಲಿ ಆ ಚರ್ಚೆ ಕೇಳಲೇಬೇಕಿದ್ದ ಪ್ರಶ್ನೆಯನ್ನೇ ಕೇಳಲಿಲ್ಲ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. 2019ರ ಜನವರಿಯ ಫೈನಲ್‌ನಲ್ಲಿ ಗುಜರಾತ್ ಎದುರು 38-33ರ ಗೆಲುವು, ಅದರಲ್ಲಿ ಪವನ್ ಶೆರಾವತ್ ಒಬ್ಬರದೇ 22 ಅಂಕ. 2022ರ ಹರಾಜಿನಲ್ಲಿ ಪವನ್ 2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾದರು. 2024ರ ಆಗಸ್ಟ್‌ನಲ್ಲಿ ಬುಲ್ಸ್‌ನ ರೈಡರ್ ಭರತ್ ಹೂಡಾ 1.30 ಕೋಟಿಗೆ ಯು.ಪಿ. ಯೋಧಾಸ್ ಸೇರಿದರು. ಅದೇ ಹರಾಜಿನಲ್ಲಿ ಬುಲ್ಸ್ 1.107 ಕೋಟಿಗೆ ಅಜಿಂಕ್ಯ ಪವಾರ್ ಅವರನ್ನೂ 70 ಲಕ್ಷಕ್ಕೆ ಪ್ರದೀಪ್ ನರ್ವಾಲ್ ಅವರನ್ನೂ ಕೊಂಡಿತು. ಐದು ಕೋಟಿಯ ಪರ್ಸ್‌ನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಣ ಇಬ್ಬರು ರೈಡರ್‌ಗಳಿಗೇ ಹೋಯಿತು. ಸೀಸನ್ ಮುಗಿದಾಗ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು, ಹನ್ನೆರಡು ತಂಡಗಳಲ್ಲಿ ಕೊನೆಯ ಸ್ಥಾನ.

ಆ 70 ಲಕ್ಷದ ಸುತ್ತ ನಡೆದ ವಾದವನ್ನೇ ಹಿಡಿದು ನೋಡೋಣ. ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ಮಾತು ನಡೆಯುವುದೇ ಲಾಳಿ ಬದಲಿಸುವ, ಕಡಿದ ಎಳೆ ಕಟ್ಟುವ ಬಿಡುವಿನಲ್ಲಿ. ಪವರ್‌ಲೂಮ್ ಸದ್ದಿನ ನಡುವೆ ಉದ್ದದ ಮಾತಿಗೆ ಜಾಗವಿಲ್ಲ. ಕೂಗಿದರೆ ಕೇಳಬೇಕು, ಕೇಳಿದವನು ತಿರುಗಿ ಕೂಗಬೇಕು. ಹರಾಜಿನ ಮರುದಿನ ಅಲ್ಲಿ ಕೇಳಿದ್ದು ಇಷ್ಟು: "ಪರ್ದೀಪ ಬಂದವ್ನೆ ಬಿಡಣ್ಣ, ಇನ್ನೇನೈತೆ?" ಅದಕ್ಕೆ ಹಿರಿಯ ನೇಕಾರರೊಬ್ಬರ ಮರುಮಾತು: "ಬಂದವ್ನೆ ಸರಿ ಕಣಪ್ಪ, ಆ ಡುಬ್ಕಿ ಬತ್ತದಾ?" ಎಲ್ಲರೂ ನಕ್ಕು ಮಗ್ಗಕ್ಕೆ ಮರಳಿದರು. ಆ ಹಿರಿಯರು ಕೇಳಿದ್ದು ಒಳ್ಳೆಯ ಪ್ರಶ್ನೆ. ಮುಂದಿನ ದಿನಗಳಲ್ಲಿ ಯಾರಾದರೂ ಅದನ್ನು ಬೆನ್ನು ಹತ್ತಿದ್ದರೆ ಚರ್ಚೆಯ ದಾರಿಯೇ ಬೇರೆಯಾಗುತ್ತಿತ್ತು.

ಯಾಕೆಂದರೆ ಡುಬ್ಕಿ ಏನೆಂದು ಸರಿಯಾಗಿ ನೋಡಿದವನಿಗೆ ಪ್ರದೀಪ್ ಖರೀದಿಯ ಬೆಲೆ ತಾನಾಗಿಯೇ ಕಾಣುತ್ತಿತ್ತು. ರೈಡರ್ ಬಾಕ್ ಲೈನ್ ದಾಟಿ ಒಂದು ಬದಿಗೆ ವಾಲುತ್ತಾನೆ. ಕೈ ಕೈ ಹಿಡಿದ ಡಿಫೆಂಡರ್‌ಗಳ ಸರಪಳಿ ಅವನು ಸಿಕ್ಕಿದನೆಂದು ಮುಂದೆ ಬಂದು ಮುಚ್ಚುತ್ತದೆ. ಆ ಕ್ಷಣ ಅವರ ಕೈಗಳು ಎದೆಯ ಎತ್ತರದಲ್ಲಿರುತ್ತವೆ, ತೂಕವೆಲ್ಲ ಮುಂಗಾಲಿನ ಮೇಲೆ ಬಿದ್ದಿರುತ್ತದೆ. ರೈಡರ್ ತಲೆ ತಗ್ಗಿಸಿ, ಸೊಂಟ ಇಳಿಸಿ, ಆ ಕೈಗಳ ಕೆಳಗೆ ನುಸುಳಿ ನಡುಗೆರೆಯ ಕಡೆ ಚಿಮ್ಮುತ್ತಾನೆ. ಹಿಡಿಯಲು ಬಂದವರಿಗೆ ಬೆನ್ನು ಮುಟ್ಟುವ ಹೊತ್ತಿಗೆ ಅವನ ಕೈ ಗೆರೆ ದಾಟಿರುತ್ತದೆ, ಮುಟ್ಟಿದವರೆಲ್ಲ ಔಟ್. ಪಟ್ನಾ ಪೈರೇಟ್ಸ್‌ಗೆ ಮೂರನೆಯ, ನಾಲ್ಕನೆಯ, ಐದನೆಯ ಸೀಸನ್‌ಗಳ ಕಪ್ ಸಾಲಾಗಿ ಬಂದಾಗ ಪ್ರದೀಪ್ ಇದನ್ನು ಎಷ್ಟು ಸಲೀಸಾಗಿ ಮಾಡುತ್ತಿದ್ದರೆಂದರೆ, 2017ರ ಒಂದೇ ಸೀಸನ್‌ನಲ್ಲಿ 369 ರೈಡ್ ಅಂಕ ಕಲೆಹಾಕಿದರು. ಹರಿಯಾಣ ಸ್ಟೀಲರ್ಸ್ ಎದುರು ಒಂದೇ ರೈಡ್‌ನಲ್ಲಿ ಎಂಟು ಅಂಕ ತಂದರು. ಅದನ್ನು ಕಂಡವರಿಗೆ ಮರೆಯಲು ಸಾಧ್ಯವಿಲ್ಲ, ನನಗೂ ಇಲ್ಲ.

ಆದರೆ ಆ ಚಿತ್ರದಲ್ಲಿ ಇನ್ನೊಂದು ಬದಿಯೂ ಇದೆ. ಡುಬ್ಕಿ ಹೊಡೆಯಲು ಸರಪಳಿ ಮುಂದೆ ಬರಲೇಬೇಕು. ಬಾರದಿದ್ದರೆ ನುಸುಳಲು ಜಾಗವೇ ಇಲ್ಲ. ವರ್ಷ ಕಳೆದಂತೆ ತಂಡಗಳು ಕಲಿತದ್ದು ಇದನ್ನೇ. ಕವರ್ ಆಟಗಾರ ಮೊದಲೇ ತಗ್ಗಿ ನಿಂತ. ಮೂಲೆ ಕಾಯುವ ಡಿಫೆಂಡರ್, ಅಂದರೆ ಕಾರ್ನರ್, ರೈಡರ್ ತಿರುಗುವವರೆಗೆ ಜಾಗ ಬಿಟ್ಟು ಕದಲಲಿಲ್ಲ, ತಿರುಗಿದ ಮೇಲೆ ಆ್ಯಂಕಲ್‌ಗೆ ಬಿದ್ದ. ಎರಡು ಖಾಲಿ ರೈಡ್ ಆದ ಮೇಲೆ ಅಂಕ ತರಲೇಬೇಕಾದ ಡೂ-ಆರ್-ಡೈ ರೈಡ್‌ವರೆಗೂ ಕಾಯುವ ತಾಳ್ಮೆ ಡಿಫೆನ್ಸಿಗೆ ಬಂತು. ಅಂದರೆ ಪ್ರದೀಪ್ ಅವರ ಶಕ್ತಿ ಕುಂದಿದ್ದು ಅವರ ತೊಡೆಯ ಸ್ನಾಯುವಿನಲ್ಲಿ ಮಾತ್ರ ಅಲ್ಲ, ಎದುರಿನ ಕಾರ್ನರ್‌ಗಳ ತಲೆಯಲ್ಲಿಯೂ ಕುಂದಿತು. ಪ್ರದೀಪ್ ಮೊದಲು ಆಡಿದ್ದೇ ಬುಲ್ಸ್‌ಗೆ ಎಂಬ ಕಾರಣಕ್ಕೆ "ಮನೆಗೆ ಬಂದ" ಎಂದು ಸಂಭ್ರಮಿಸಿದವರಲ್ಲಿ ಯಾರೂ ಈ ಕಡೆ ನೋಡಲಿಲ್ಲ. ಕೆಲವರು ವಯಸ್ಸಾಯಿತು ಎಂದರು, ಕೆಲವರು ದೊಡ್ಡ ಹೆಸರು ಎಂದರು, ಎರಡೂ ಕಡೆಯವರು ಆಟಗಾರನನ್ನು ಒಂಟಿಯಾಗಿ ಅಳೆದರು. 2025ರ ಮೇ ಕೊನೆಯಲ್ಲಿ ಮುಂಬೈ ಹರಾಜಿನಲ್ಲಿ ಪ್ರದೀಪ್ ಅವರನ್ನು ಯಾವ ತಂಡವೂ ಕೊಳ್ಳಲಿಲ್ಲ, ಅವರು ನಿವೃತ್ತಿ ಘೋಷಿಸಿದರು. ಆ ದಿನ ಅವರನ್ನು ಹಳಿದವರ ಮಾತಿನಲ್ಲೂ ಹಿಂದಿನ ವರ್ಷ ಹೊಗಳಿದವರ ಮಾತಿನಲ್ಲಿದ್ದ ದೋಷವೇ ಇತ್ತು.

ಈ ದೋಷ ನನ್ನನ್ನು ಕಾಡುವುದು ಇಲ್ಲಿಯವರು ತಮ್ಮೂರ ತಂಡ ಕಟ್ಟುವಾಗ ಹೀಗೆ ಮಾಡುವುದೇ ಇಲ್ಲ ಎಂಬ ಕಾರಣಕ್ಕೆ. ಊರ ಪಂದ್ಯಾವಳಿಗೆ ಹೆಸರು ಬರೆಸುವ ಮುನ್ನ ಎದ್ದೇಳುವ ಮೊದಲ ಪ್ರಶ್ನೆ "ಕಾರ್ನರಿಗೆ ಯಾರವ್ನೆ?" ಎಂಬುದೇ. ರೈಡ್ ಮಾಡುವವರು ಹತ್ತು ಜನ ಸಿಗುತ್ತಾರೆ. ಮೂವತ್ತು ಸೆಕೆಂಡ್ ಕದಲದೆ ನಿಂತು, ಸರಿಯಾದ ಗಳಿಗೆಯಲ್ಲಿ ಕಾಲಿಗೆ ಬಿದ್ದು, ಬಿದ್ದ ಮೇಲೆ ಹಿಡಿತ ಬಿಡದವನು ಸಿಗುವುದು ಕಷ್ಟ. ಅಂಥವನನ್ನು ಪಕ್ಕದ ಊರಿನಿಂದ ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಾರೆ. ಮಣ್ಣಿನ ಅಂಕಣದ ಮೇಲೆ ಇಷ್ಟು ಚೆನ್ನಾಗಿ ಗೊತ್ತಿರುವ ಸಂಗತಿ ಕೋಟಿಯ ಲೆಕ್ಕ ಬಂದಕೂಡಲೇ ಎಲ್ಲಿ ಹೋಗುತ್ತದೆ? ಹರಾಜಿನ ಬೆಲೆ ಕಂಡೊಡನೆ ಬೆಲೆಯೇ ವಾದವಾಗಿಬಿಡುತ್ತದೆ. ಪವನ್ 2.26 ಕೋಟಿ ಎಂದರೆ ಪವನ್ ದೊಡ್ಡವರು. ಅವರು ತಲೈವಾಸ್‌ಗೆ ಮೊದಲ ಪಂದ್ಯದಲ್ಲೇ ಮಂಡಿ ನೋವಿನಿಂದ ಹೊರಬಿದ್ದಾಗ "ಬಿಟ್ಟಿದ್ದೇ ಒಳ್ಳೇದಾಯ್ತು" ಎಂದು ಅದೇ ಬಾಯಿ ಹೇಳಿತು. ಗಾಯ ಆಗುತ್ತದೆಂದು ತಿಳಿದು ಯಾರೂ ಬಿಟ್ಟಿರಲಿಲ್ಲ. ಆಮೇಲೆ ಆದದ್ದನ್ನು ಮೊದಲಿನ ತೀರ್ಮಾನಕ್ಕೆ ಸಾಕ್ಷಿಯಾಗಿ ತರುವುದು ವಾದವಲ್ಲ.

ಲೀಗಿನಲ್ಲೇ ಬೇರೆ ಪಾಠ ಕಣ್ಣೆದುರು ನಡೆಯುತ್ತಿತ್ತು. ಇರಾನಿನ ಮೊಹಮ್ಮದ್ ರೆಜಾ ಶಾದ್ಲೂಯಿ ಎಡ ಕಾರ್ನರಿನವರು. 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಜೊತೆ ಕಪ್ ಎತ್ತಿದರು, ಅದೇ ವರ್ಷದ ಡಿಸೆಂಬರ್‌ನಲ್ಲಿ ಹರಿಯಾಣ ಸ್ಟೀಲರ್ಸ್ ಜೊತೆ ಮತ್ತೊಂದು. ಒಬ್ಬ ಕಾರ್ನರ್ ಆಟಗಾರ ಒಂದೇ ವರ್ಷದಲ್ಲಿ ಎರಡು ತಂಡಗಳನ್ನು ಗೆಲ್ಲಿಸುವಾಗ ನಮ್ಮಲ್ಲಿ ಚರ್ಚೆಯಾದದ್ದು ಹರಾಜಿನ ಕೊನೆಯ ಬೆಲೆ ಕೊಟ್ಟು ತನ್ನ ಹಳೆಯ ಆಟಗಾರನನ್ನು ಉಳಿಸಿಕೊಳ್ಳಲು ತಂಡಕ್ಕಿರುವ ಎಫ್‌ಬಿಎಂ ಕಾರ್ಡನ್ನು ಭರತ್‌ಗೆ ಬಳಸಬೇಕಿತ್ತೇ ಎಂಬುದು.

2025ರ ಹರಾಜಿಗೆ ಬುಲ್ಸ್ ಮೇಜಿನಲ್ಲಿ ಹೊಸ ಕೋಚ್ ಕುಳಿತಿದ್ದರು, ಬಿ.ಸಿ. ರಮೇಶ್. ಅವರು ದೊಡ್ಡ ದುಡ್ಡು ಹಾಕಿದ್ದು ಬಲ ಕಾರ್ನರಿನ ಯೋಗೇಶ್ ಮೇಲೆ 1.125 ಕೋಟಿ, ಎಡ ಕಾರ್ನರಿನ ಅಂಕುಶ್ ರಾಠಿ ಮೇಲೆ 90 ಲಕ್ಷ. ಪರ್ಸಿನ ಐದರಲ್ಲಿ ಎರಡು ಪಾಲು ಎರಡು ಮೂಲೆಗೆ. ಊರ ತಂಡ ಕಟ್ಟುವ ಕ್ರಮ ಇದೇ. ಅಚ್ಚರಿಯೆಂದರೆ ಊರಿನಲ್ಲಿ ಇದನ್ನೇ ಮಾಡುವವರು "ರೈಡರ್ ಎಲ್ಲಿ?" ಎಂದು ದೂರಿದರು. ಆರಂಭದ ಪಂದ್ಯಗಳನ್ನು ಸೋತಾಗ ದೂರು ಜೋರಾಯಿತು. ಇರಾನಿನ ಅಲಿರೆಜಾ ಮಿರ್ಜಾಯಿಯನ್ ಅಂಕ ತರತೊಡಗಿ, ಹಿಂದಿನ ವರ್ಷ ತಳದಲ್ಲಿದ್ದ ತಂಡ ಪ್ಲೇಆಫ್ ತಲುಪಿದಾಗ ಹೊಗಳಿಕೆ ಮತ್ತೆ ರೈಡರ್‌ಗೇ ಹೋಯಿತು. ಎರಡು ಮೂಲೆ ಭದ್ರವಾದ ಮೇಲೆ ರೈಡರ್ ಅಂಕಣದಲ್ಲಿ ಹೆಚ್ಚು ಹೊತ್ತು ಉಳಿಯುತ್ತಾನೆ, ಔಟಾದರೂ ಡಿಫೆನ್ಸ್ ಅವನನ್ನು ಬೇಗ ಒಳಗೆ ಕರೆತರುತ್ತದೆ ಎಂಬ ಸರಳ ಸಂಬಂಧವನ್ನು ಬಿಡಿಸಿ ಹೇಳಿದವರು ಸಿಗಲಿಲ್ಲ.

ಹಾಗೆಂದು ಈ ಅಭಿಮಾನಿಗಳನ್ನು ಕೀಳುಗಳೆಯುವ ಬರಹಗಾರರ ಜೊತೆ ನಾನಿಲ್ಲ. ಅವರ ಮಾತು ಎರಡು ಬಗೆ. ಒಂದು, ಕಬಡ್ಡಿ ಹರಾಜಿನ ಹರಟೆ ಆರ್‌ಸಿಬಿ ಹುಚ್ಚಿನ ನಕಲು, ತಲೆ ಕೆಡಿಸಿಕೊಳ್ಳಬೇಕಾದದ್ದಲ್ಲ ಎಂಬುದು. ಇದು ತಪ್ಪು. 2024ರ ಸೀಸನ್ ಹೈದರಾಬಾದ್, ನೊಯ್ಡಾ, ಪುಣೆಯಲ್ಲಿ ನಡೆಯಿತು. 2025ರದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ. ಕಂಠೀರವ ಒಳಾಂಗಣದಲ್ಲಿ ಬುಲ್ಸ್ ಆಡಿದ್ದನ್ನು ಇಲ್ಲಿಯವರು ಕೊನೆಗೆ ಕಂಡದ್ದು 2023ರ ಡಿಸೆಂಬರ್‌ನಲ್ಲಿ. ತಂಡದ ಹೆಸರಿನಲ್ಲಿ ಊರಿದೆ, ಊರಿನಲ್ಲಿ ತಂಡದ ಪಂದ್ಯವಿಲ್ಲ. ಎರಡು ಸೀಸನ್ ಒಂದು ಟಿಕೆಟ್ಟೂ ಸಿಗದ ಅಭಿಮಾನಿಗೆ ತಂಡದ ಜೊತೆ ಉಳಿದ ನಂಟು ಈ ವಾದ ಒಂದೇ. ಅದನ್ನು ಕಾಲಹರಣ ಎನ್ನುವವರು ಅವನಿಗೆ ಇನ್ನೇನು ಬಿಟ್ಟಿದ್ದಾರೆಂದು ಹೇಳಲಿ. ನಾನು ಆ ವಾದವನ್ನು ಟೀಕಿಸುವುದು ಅದು ಇನ್ನೂ ಚೆನ್ನಾಗಿರಲಿ ಎಂದು.

ಎರಡನೆಯ ಬಗೆಯವರ ಜೊತೆ ಜಗಳ ಇನ್ನಷ್ಟು ಗಂಭೀರ. ಪ್ರತಿ ಹರಾಜಿನ ಮರುದಿನ ಪಟ್ಟಿ ಹಿಡಿದು ಕನ್ನಡಿಗರೆಷ್ಟು ಎಂದು ಎಣಿಸಿ, ಸಿಟ್ಟಿನ ಟಿಪ್ಪಣಿ ಬರೆದು, ಮುಂದಿನ ಹರಾಜಿನವರೆಗೆ ಸುಮ್ಮನಾಗುವವರು ಇವರು. ಸಿಟ್ಟು ನ್ಯಾಯವಾದದ್ದು. ಎಣಿಕೆಯ ಜಾಗ ತಪ್ಪು. ಹರಾಜಿಗೆ ಬರುವವರ ಹಿಂದೆ ಹೊಸ ಯುವ ಆಟಗಾರರ ವರ್ಗ, ಎನ್‌ವೈಪಿ, ಎಂಬ ಬಾಗಿಲಿದೆ. ತಂಡಗಳು ಹುಡುಗರನ್ನು ಬಿಡ್ ಇಲ್ಲದೆ ನೇರವಾಗಿ ಸೇರಿಸಿಕೊಂಡು ಬೆಳೆಸುವುದು ಆ ಬಾಗಿಲಿನಿಂದ. ನಮ್ಮ ಹುಡುಗರು ಅಲ್ಲಿಯವರೆಗೆ ತಲುಪುತ್ತಾರೆಯೇ ಎಂಬುದು ನಿಜವಾದ ಪ್ರಶ್ನೆ. ಊರ ಪಂದ್ಯಾವಳಿ ಕೆ.ಜಿ. ವಿಭಾಗದಲ್ಲಿ ನಡೆಯುತ್ತದೆ. ಐವತ್ತೈದು, ಅರವತ್ತು ಕೆ.ಜಿ.ಯಲ್ಲಿ ಮಿಂಚಿದವನು ತೂಕ ಏರಿದಾಗ ಎಲ್ಲಿ ಆಡಬೇಕು, ಮಣ್ಣಿನಲ್ಲಿ ಕಲಿತ ಆ್ಯಂಕಲ್ ಹೋಲ್ಡ್ ಶೂ ಹಾಕಿ ಮ್ಯಾಟ್ ಮೇಲೆ ಹೇಗೆ ಬದಲಾಗುತ್ತದೆ ಎಂದು ಹೇಳಿಕೊಡುವವರು ಬೇಕು. ಮಣ್ಣಿನಲ್ಲಿ ಕಾಲು ಜಾರಿ ಡಿಫೆಂಡರನಿಗೆ ಒಂದು ಗಳಿಗೆ ಸಿಗುತ್ತದೆ, ಮ್ಯಾಟ್ ಮೇಲೆ ರೈಡರನ ಕಾಲು ಜಾರುವುದಿಲ್ಲ. ಈ ಒಂದು ವ್ಯತ್ಯಾಸಕ್ಕೆ ಒಗ್ಗದೆ ಆಯ್ಕೆ ಶಿಬಿರದಿಂದ ಮರಳಿದ ಒಳ್ಳೆಯ ಕಾರ್ನರ್ ಹುಡುಗರನ್ನು ನಾನು ಬಲ್ಲೆ. ತಾಲ್ಲೂಕಿಗೊಂದು ಮ್ಯಾಟ್, ವರ್ಷವಿಡೀ ಅದರ ಮೇಲೆ ಅಭ್ಯಾಸ ಎಂದು ಬರೆಯದೆ ಪಟ್ಟಿಯಲ್ಲಿ ಹೆಸರೆಣಿಸುವ ಟಿಪ್ಪಣಿಯಿಂದ ಒಬ್ಬ ಹುಡುಗನೂ ಆ ಬಾಗಿಲು ದಾಟುವುದಿಲ್ಲ.

ಇದೇ ಬರಹಗಾರರು ರಮೇಶ್ ಬಂದಾಗ ನಮ್ಮವರು ಬಂದರೆಂದು ಬರೆದರು. ನನಗೂ ಸಂತೋಷವೇ. ಆದರೆ ಈ ಅರ್ಜುನ ಪ್ರಶಸ್ತಿ ವಿಜೇತ ಬುಲ್ಸ್‌ಗೆ ಹೊಸಬರಲ್ಲ. ಕಪ್ ಗೆದ್ದ ಆರನೆಯ ಸೀಸನ್‌ನಲ್ಲಿ ಅವರು ಬುಲ್ಸ್ ಕೋಚಿಂಗ್ ಬಳಗದಲ್ಲೇ ಇದ್ದರು. ಮೊದಲ ಸೀಸನ್‌ನಿಂದ ರಣಧೀರ್ ಸಿಂಗ್ ಮುಖ್ಯ ಕೋಚ್ ಆಗಿದ್ದ ತಂಡದಲ್ಲಿ ಅವರಿಗೆ ಮೇಲೇರುವ ಜಾಗವಿರಲಿಲ್ಲ. ಹೋದರು. ಮುಂದಿನ ಸೀಸನ್‌ನಲ್ಲೇ, 2019ರ ಅಕ್ಟೋಬರ್‌ನಲ್ಲಿ, ಬೆಂಗಾಲ್ ವಾರಿಯರ್ಸ್‌ಗೆ ಕಪ್ ಗೆಲ್ಲಿಸಿದರು. 2024ರಲ್ಲಿ ಶಾದ್ಲೂಯಿ ಇದ್ದ ಪುಣೇರಿ ಪಲ್ಟನ್‌ಗೆ ಗೆಲ್ಲಿಸಿದವರೂ ಅವರೇ. ಪವನ್ ಹೋದದ್ದಕ್ಕೆ, ಭರತ್ ಹೋದದ್ದಕ್ಕೆ ತಿಂಗಳುಗಟ್ಟಲೆ ವಾದ ನಡೆದ ಈ ಜಿಲ್ಲೆಯಲ್ಲಿ, ಆ ಇಬ್ಬರಿಗಿಂತ ದೊಡ್ಡ ನಷ್ಟವಾದ ಈ ಕೈಬಿಡುವಿಕೆಯ ಬಗ್ಗೆ ಮಗ್ಗದ ಶೆಡ್ಡಿನಲ್ಲಾಗಲಿ ಅಂಕಣದಲ್ಲಾಗಲಿ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಕೋಚ್‌ಗೆ ಹರಾಜಿಲ್ಲ, ಕೂಗುವ ಬೆಲೆಯಿಲ್ಲ.